ಹೆಸರಿಲ್ಲದ ಪುಸ್ತಕದ ಮುಂದಿನ ಪುಟ

ಜೋರು ದನಿಯ ನನ್ನ ದೊಡ್ಡಮ್ಮಾ,

ನನಗೆ ಮದುವೆಯಾಯಿತು! ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡಬೇಕು ಅಂದುಕೊಂಡಿದ್ದೆ, ಬರೆದೆ. ಹುಡುಗನ ಹೆಸರು ಕಿರಣ್. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ನಿನಗಿಂತ ಎತ್ತರ, ನನಗಿಂತ ಕಪ್ಪು, ನಗುವಾಗ ಎಡಗಣ್ಣು ಮಾತ್ರ ಚಿಕ್ಕದಾಗುತ್ತದೆ. ಆ ಕಣ್ಣು ನೋಡಿಯೇ ನಾನು ಹೂಂ ಅಂದದ್ದು, ಯಾರಿಗೂ ಹೇಳಬೇಡ. ಅವನನ್ನು ಹೆಸರು ಹಿಡಿದೇ ಕರೆಯುತ್ತೇನೆ. ನಮ್ಮ ಅತ್ತೆ "ಜನರ ಮುಂದಾದ್ರೂ ರೀ ಅನ್ನಮ್ಮಾ" ಎನ್ನುತ್ತಾರೆ. ಜನರ ಮುಂದೆ ರೀ ಅಂದರೆ ಅವನಿಗೇ ನಗು ಬಂದು ಎಲ್ಲ ಕೆಡುತ್ತದೆ. ಸಿ.ವಿ. ರಾಮನ್ ನಗರದಲ್ಲಿ ಮೊದಲ ಮಹಡಿಯಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಬಾಲ್ಕನಿಯಲ್ಲಿ ಇಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ನಮಗೆ ಇನ್ನೊಬ್ಬರು ಬೇಕಾಗಿಯೂ ಇಲ್ಲ! ನೋಡು, ಇಷ್ಟೆಲ್ಲ ಸಂತೋಷದಿಂದ ಬರೆಯುತ್ತಿದ್ದೇನೆ, ಇದನ್ನು ಓದಿ "ಅಯ್ಯೋ ನಾಚಿಕೆಗೆಟ್ಟವಳೇ" ಅಂತ ಬಯ್ಯುವವರು ಯಾರೂ ಇಲ್ಲವಲ್ಲ ಅಂತ...

ಧಾರೆ ಎರೆಯುವಾಗ ಅಮ್ಮ ನಿನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅಕ್ಕನ ಸೀರೆ ತಂಗಿಗೆ ಉದ್ದವಾಗಿ, ನೆರಿಗೆ ಕಾಲಿಗೆ ಸಿಕ್ಕಿ, ಮಂಟಪದಲ್ಲೇ ಎಡವಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಸೀರೆ ಬದಲಾಯಿಸುವ ಕೋಣೆಯಲ್ಲಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು. ನಾನು ಬಾಗಿಲಲ್ಲೇ ನಿಂತು ಹಾಗೆಯೇ ಹಿಂದಕ್ಕೆ ಬಂದೆ. ನೀನು ಹೋಗಿ ಎರಡು ವರ್ಷವಾಯಿತು, ಆ ಸೀರೆಯಲ್ಲಿ ಇನ್ನೂ ನಿನ್ನ ಪೌಡರಿನ ವಾಸನೆ ಇದೆಯಂತೆ. ಇದ್ದೀತಾ ದೊಡ್ಡಮ್ಮ? ಅಷ್ಟು ದಿನ ಉಳಿಯುತ್ತದಾ?

ಆದರೆ ನಾನು ಕಾಗದ ಬರೆಯಲು ಕೂತದ್ದು ಮದುವೆಯ ಸುದ್ದಿಗಾಗಿ ಮಾತ್ರ ಅಲ್ಲ. ನಾವಿಬ್ಬರೂ ಅರ್ಧಕ್ಕೆ ಬಿಟ್ಟ ಪುಸ್ತಕ ಇಷ್ಟು ದಿನವೂ ಬಿಟ್ಟ ಪುಟದಲ್ಲೇ ಇತ್ತು. ನಾನು ಮುಂದಿನ ಪುಟ ತಿರುವಿರಲಿಲ್ಲ. ಎಷ್ಟೋ ಸಲ ಕೈಗೆತ್ತಿಕೊಂಡೆ. ಹಾಳೆಯ ಮೂಲೆ ಹಿಡಿಯುತ್ತಿದ್ದೆ, ಮತ್ತೆ ಮುಚ್ಚಿಡುತ್ತಿದ್ದೆ. ನಿನಗೆ ಗೊತ್ತಾಗದೇ ಹೋದದ್ದು ನನಗೊಬ್ಬಳಿಗೇ ಗೊತ್ತಾಗುವುದು ಹೇಗೆ? ಅದನ್ನು ತಿಳಿದುಕೊಂಡು ನಾನು ಯಾರ ಮುಖ ನೋಡಲಿ?

ಹಲಸೂರಿನ ಬಜಾರಿನ ಹಿಂದಿನ ಆ ವಠಾರ ನೆನಪಿಗೆ ಬರುವುದೇ ನಿನ್ನ ದನಿಯಿಂದ. ಅಮ್ಮ ಕೆಲಸ ಮುಗಿಸಿ ಕರೆದುಕೊಂಡು ಹೋಗುವವರೆಗೆ ನಾನು ನಿನ್ನ ಮನೆಯಲ್ಲಿ. ಸ್ಕೂಲ್ ವ್ಯಾನ್ ಇಳಿದು ಗಲ್ಲಿಯ ತಿರುವಿಗೆ ಬರುವಷ್ಟರಲ್ಲಿ ಕಥೆ ಕೇಳಿಸುತ್ತಿತ್ತು. ನೀರಿನ ನಲ್ಲಿಯ ಪಕ್ಕದ ಮೆಟ್ಟಿಲ ಮೇಲೆ ನೀನು, ಕೆಳಗೆ ಶಿವಾಜಿನಗರದ ಅಂಗಡಿಯ ಬ್ಲೌಸುಗಳಿಗೆ ಹುಕ್ಕು ಹೊಲಿಯುತ್ತಾ ಮುಮ್ತಾಜ್ ಆಂಟಿ, ಮಲ್ಲಿಗೆ ಕಟ್ಟುತ್ತಾ ಕನಕಕ್ಕ. ಇಬ್ಬರಿಗೂ ಕನ್ನಡ ನನಗಿಂತ ಚೆನ್ನಾಗಿ ಬರುತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಒಬ್ಬರು ಉರ್ದು ಓದುವವರು, ಇನ್ನೊಬ್ಬರು ತಮಿಳು. ನಾನು ಇಂಗ್ಲಿಷ್ ಮೀಡಿಯಂ ರಾಣಿ, ಕನ್ನಡದ ಒಂದು ಪ್ಯಾರಾ ಓದುವಷ್ಟರಲ್ಲಿ ನಿನ್ನ ಅನ್ನ ಬೇಯುತ್ತಿತ್ತು. ಮೂವರಿಗೂ ಸೇರಿ ಓದುವವಳು ನೀನೊಬ್ಬಳೇ.

ಹೊಸ ಪುಸ್ತಕ ಆರಿಸುವ ದಿನ ಎಷ್ಟು ಚೆನ್ನಾಗಿರುತ್ತಿತ್ತು! ಬಾಡಿಗೆ ಲೈಬ್ರರಿಯಿಂದ ನೀನು ಮೂರು ಕಾದಂಬರಿ ತರುತ್ತಿದ್ದೆ. ಮೂರರದೂ ಒಂದೊಂದೇ ಪುಟ ಓದಿ ಸುಮ್ಮನಾಗುತ್ತಿದ್ದೆ. ಯಾವುದು ಬೇಕು ಅಂತ ಕೇಳುತ್ತಿರಲಿಲ್ಲ, ಕಾಯುತ್ತಿದ್ದೆ. ಒಮ್ಮೆ ಮುಮ್ತಾಜ್ ಆಂಟಿ ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳಿದರು. "ಇದು ಬೇಡ ಸರೋಜಕ್ಕ. ಮೊದಲನೇ ಪುಟದಲ್ಲೇ ಮೋಡ, ಗಾಳಿ, ಬೆಟ್ಟ, ಗುಡ್ಡ. ಮನುಷ್ಯರು ಯಾವಾಗ ಬರ್ತಾರೆ?"

"ಬರ್ತಾರೆ ಇರೇ, ದಾರೀಲಿದಾರೆ."

"ಬಂದ ಮೇಲೆ ಹೇಳಿ, ಕರೀರಿ ನನ್ನ."

ಎರಡನೆಯದಕ್ಕೆ ಯಾರೂ ಮಾತಾಡಲಿಲ್ಲ. ಮೂರನೆಯದರ ಪುಟ ಮುಗಿದು ನೀನು ಸುಮ್ಮನಾದಾಗ ಕನಕಕ್ಕನ ಕೈಯಲ್ಲಿ ಹೂವು ಹಾಗೇ ನಿಂತಿತು. "ಆ ಹುಡುಗಿ ಪೆಟ್ಟಿಗೆ ತಗೊಂಡು ಬಸ್ ಹತ್ತಿದ್ಲಲ್ಲ, ಅಪ್ಪುರಂ? ಆಮೇಲೆ?" ಎಂದರು.

"ಹಾಂ! ಇದೇ ಪುಸ್ತಕ," ಎಂದು ನೀನು ಉಳಿದೆರಡನ್ನೂ ಮುಚ್ಚಿ ಪಕ್ಕಕ್ಕಿಟ್ಟೆ. ಯಾವ ಪುಟಕ್ಕೆ "ಆಮೇಲೆ?" ಅಂತ ಒಬ್ಬರಾದರೂ ಕೇಳುತ್ತಾರೋ ಆ ಪುಸ್ತಕ. ಅಷ್ಟೇ ನಿನ್ನ ಕಾಯಿದೆ. ಪಕ್ಕದ ಮನೆಯ ಮೇಷ್ಟರು "ಒಳ್ಳೇ ಸಾಹಿತ್ಯ ಓದಿ ಹೇಳ್ರೀ ಇವರಿಗೆ" ಎಂದಾಗ ನೀನು ಏನಂದೆ ನೆನಪಿದೆಯಾ? "ಕೇಳೋರು ಎದ್ದು ಹೋದ್ರೆ ಒಳ್ಳೇದನ್ನ ನಲ್ಲಿಗೆ ಓದ್ಲಾ ಮೇಷ್ಟ್ರೇ?"

ಆ ಹೆಸರಿಲ್ಲದ ಪುಸ್ತಕ ಸಿಕ್ಕ ದಿನ ನಾನೂ ನಿನ್ನ ಜೊತೆಗಿದ್ದೆ. ಆಗ ನಾನು ಕಾಲೇಜು. ಶಿವಾಜಿನಗರದ ಮಾರ್ಕೆಟ್ಟಿನ ಹೊರಗೆ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ರಾಶಿ. ಅದರಿಂದ ನೀನು ಎಳೆದದ್ದಕ್ಕೆ ಹೊದಿಕೆಯೇ ಇರಲಿಲ್ಲ. ಒಂಬತ್ತನೇ ಪುಟದಿಂದ ಶುರು. ಹೆಸರೂ ಇಲ್ಲ, ಬರೆದವರು ಯಾರು ಅಂತಲೂ ಇಲ್ಲ. "ಥೂ ದೊಡ್ಡಮ್ಮ, ಹೆಸರೇ ಇಲ್ಲ ಇದಕ್ಕೆ" ಎಂದೆ. ನೀನು ಆ ಗದ್ದಲದಲ್ಲೇ ನಿಂತು ಒಂಬತ್ತನೇ ಪುಟ ಓದಿ ಮುಗಿಸಿದೆ. "ಹೆಸರು ಯಾರಿಗೆ ಬೇಕು ಪುಟ್ಟಿ, ಇವಳು ತಂಗಿ ಜೊತೆ ಮಾತು ಬಿಟ್ಟಿದಾಳೆ, ಯಾಕೆ ಅಂತ ಬೇಕು," ಎಂದು ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಅದನ್ನು ಓದಲು ನಿನಗೆ ಪುರಸೊತ್ತೇ ಆಗಲಿಲ್ಲ. ಪುರಸೊತ್ತಾಗುವ ಹೊತ್ತಿಗೆ ಸಕ್ಕರೆ ಕಾಯಿಲೆ ನಿನ್ನ ಕಣ್ಣಿಗೆ ಬಂದಿತ್ತು.

ನೀನು ಆಸ್ಪತ್ರೆ ಸೇರಿದ ಮೇಲೆ ಓದುವ ಕೆಲಸ ನನಗೆ ಬಂತು. ನನ್ನ ಆ ದರಿದ್ರ ಕನ್ನಡ! ಒತ್ತಕ್ಷರ ಬಂದ ಕಡೆ ನಾನು ನಿಂತರೆ, ನೀನು ಕಣ್ಣು ಮುಚ್ಚಿಕೊಂಡೇ ಪದ ಪೂರ್ತಿ ಮಾಡುತ್ತಿದ್ದೆ. ಪುಸ್ತಕ ನೋಡದೆ ಹೇಗೆ ಗೊತ್ತಾಗುತ್ತಿತ್ತು? ಪಕ್ಕದ ಮಂಚದ ಅಜ್ಜಿ, "ನಿಧಾನ ಆದ್ರೂ ಪರವಾಗಿಲ್ಲಮ್ಮ, ಸ್ವಲ್ಪ ಜೋರಾಗಿ ಓದು, ನಂಗೂ ಕೇಳ್ಲಿ" ಎನ್ನುತ್ತಿದ್ದರು. ಕಥೆಯ ಪದ್ಮಾವತಿ, ತಾಯಿ ತೀರಿಕೊಂಡಾಗ ಬರಲಿಲ್ಲವೆಂದು ತಂಗಿಯನ್ನೇ ಬಿಟ್ಟವಳು, ಎಷ್ಟೋ ವರ್ಷದ ಮೇಲೆ ತಂಗಿಯ ಊರಿಗೆ ಬಸ್ಸು ಹತ್ತುತ್ತಾಳೆ. ಬಿಸಿಲಲ್ಲಿ ಮನೆ ಹುಡುಕುತ್ತಾಳೆ. ಒಳಗೆ ಯಾರೋ ರುಬ್ಬುವ ಸದ್ದು. ಬಾಗಿಲು ಬಡಿಯಲು ಕೈ ಎತ್ತುತ್ತಾಳೆ. ರುಬ್ಬುವ ಸದ್ದು ನಿಲ್ಲುತ್ತದೆ. ಅಲ್ಲಿಗೆ ಪುಟ ಮುಗಿಯಿತು. ಅಷ್ಟರಲ್ಲಿ ಸಂಜೆಯ ಗಂಟೆ ಹೊಡೆಯಿತು. "ಟೈಮ್ ಆಯ್ತಮ್ಮ, ಹೊರಡಿ," ಎಂದರು ನರ್ಸ್.

"ಆಮೇಲೆ?" ಅಂತ ನೀನು ಕೇಳಿದೆ.

"ನಾಳೆ ದೊಡ್ಡಮ್ಮ. ಬಯ್ತಾರೆ."

"ಒಂದೇ ಒಂದು ಪುಟ ಕಣೇ."

ನಾನು ನಕ್ಕು, ನಿನ್ನ ತಲೆಯಿಂದಲೇ ಒಂದು ಹೇರ್‌ಪಿನ್ ತೆಗೆದು ಆ ಪುಟಕ್ಕೆ ಸಿಕ್ಕಿಸಿ ಬಂದೆ. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು. ಅಮ್ಮ ಎತ್ತಿದಳು. ಅವಳ ಬೆನ್ನು ನೋಡಿಯೇ...

ನಿನ್ನ ನಂತರ ವಠಾರ ಉಳಿಯಲಿಲ್ಲ. ಒಡೆದು ಕಟ್ಟುತ್ತಿದ್ದಾರೆ, ಕೆಳಗೆ ಅಂಗಡಿ ಸಾಲು ಬರುತ್ತದಂತೆ. ಮುಮ್ತಾಜ್ ಆಂಟಿ ಬಾಣಸವಾಡಿಯಲ್ಲಿ ಮಗನ ಮನೆ ಸೇರಿದರು, ಕನಕಕ್ಕ ಹೊಸೂರಿನಲ್ಲಿ ಮಗಳ ಮನೆ. ನಾನು ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಆ ಪುಸ್ತಕ ಇಟ್ಟುಕೊಂಡು ಬಂದೆ. ಹೊಸ ಮನೆಯಲ್ಲಿ ಅದನ್ನು ಮೊದಲು ಕಂಡವನು ಕಿರಣ್. "ಏನಿದು, ಪುಸ್ತಕಕ್ಕೆ ಅಂಗಿ ಇಲ್ಲ, ತಲೆಗೆ ಪಿನ್ ಇದೆ?" ಅಂತ ತಮಾಷೆ ಮಾಡಿದ. ನಾನು ಎಲ್ಲ ಹೇಳಿದೆ. ಅವನು ತಮಾಷೆ ಬಿಟ್ಟು, "ನಾನು ಓದಿ ಹೇಳ್ಲಾ?" ಎಂದ. ಬೇಡ ಎಂದೆ. ಅವನ ದನಿ ನನಗೆ ಎಷ್ಟೇ ಇಷ್ಟವಿದ್ದರೂ, ಅದು ಆ ಮೆಟ್ಟಿಲ ಮೇಲಿನ ದನಿ ಅಲ್ಲವಲ್ಲ.

"ಒಬ್ಬಳ ಕೈಲಿ ಆಗ್ತಿಲ್ಲ ಅಂದ್ರೆ ಜನ ಸೇರಿಸು. ನಿಮ್ಮ ದೊಡ್ಡಮ್ಮ ಏನು ಒಬ್ರೇ ಕೂತು ಓದ್ತಿದ್ರಾ?"

"ವಠಾರ ಎಲ್ಲಿಂದ ತರ್ಲಿ?"

ಅವನು ಮೂಲೆಯ ಕಂಪ್ಯೂಟರ್ ತೋರಿಸಿದ. ಸೆಕೆಂಡ್ ಹ್ಯಾಂಡ್ ದೊಡ್ಡಮ್ಮ, ಅದಕ್ಕೆ ಟವೆಲ್ ಹೊದಿಸಿ ಇಟ್ಟಿದ್ದೇವೆ. ಇಂಟರ್ನೆಟ್ ಅಂದರೆ ನಿನಗೆ ಹೇಗೆ ಹೇಳಲಿ? ಫೋನ್ ವೈರಿನಲ್ಲೇ ಕೀಚ್ ಕೀಚ್ ಅಂತ ಕೂಗಿ ಎಲ್ಲಿಗೋ ಸೇರಿಕೊಳ್ಳುತ್ತದೆ. ಆಗ ಮನೆಗೆ ಯಾರ ಫೋನೂ ಬರುವುದಿಲ್ಲ. ನಮ್ಮ ಅತ್ತೆ, "ಯಾವಾಗ ಮಾಡಿದ್ರೂ ಎಂಗೇಜು, ಮದುವೆಯಾದ ಹೊಸದರಲ್ಲಿ ಅಷ್ಟೊಂದು ಮಾತು ಯಾರ ಜೊತೆ?" ಅಂತ ಒಂದು ದಿನ ಆಟೋ ಹಿಡಿದು ಬಂದೇಬಿಟ್ಟರು! ಈ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಮಾಡಬಹುದು. ಒಬ್ಬರು ಬರೆದ ಕಾಗದ ಎಲ್ಲರಿಗೂ ಹೋಗುತ್ತದೆ. ನಾವು ಐದು ಜನ ಸೇರಿದೆವು. ನಾನು, ಕಿರಣ್, ಫ್ರೇಜರ್ ಟೌನಿನ ನನ್ನ ಕಾಲೇಜು ಗೆಳತಿ ರೀನಾ, ಪುಣೆಯಲ್ಲಿರುವ ಕಿರಣನ ಅಕ್ಕ ಮಂಜುಳಾ, ಮತ್ತೆ ಇಂದಿರಾನಗರದ ನನ್ನ ಟ್ರಾವೆಲ್ ಆಫೀಸಿನ ಗುರುಪ್ರಸಾದ್. ಗುರು ದೊಡ್ಡ ಓದುಗ. ಟಿಕೆಟ್ ಬುಕ್ ಮಾಡುವಾಗಲೂ ಗಡ್ಡ ಕೆರೆದುಕೊಂಡು ಯೋಚಿಸುತ್ತಾನೆ.

ಮೊದಲ ಪುಸ್ತಕ ಯಾವುದು ಎನ್ನುವುದರಲ್ಲೇ ಜಗಳ ಶುರುವಾಯಿತು. ರೀನಾಗೆ ಕೊಲೆ ಇರಬೇಕು. ಗುರುವಿಗೆ ದಪ್ಪ ಇರಬೇಕು. ಮಂಜಕ್ಕನಿಗೆ ಪ್ರವಾಸ, ಕಿರಣ್‌ಗೆ ನಗು. ನಾನು ನಮ್ಮ ಪುಸ್ತಕದ ಮಾತೆತ್ತಿದಾಗ ಗುರು ಬರೆದ, "ಹೆಸರೇ ಇಲ್ಲದ ಪುಸ್ತಕನ ಗುಂಪು ಓದೋದು ಹೇಗೆ ಮೇಡಂ? ಯಾರು ಬರೆದಿದ್ದು ಅಂತ ಗೊತ್ತಿಲ್ದೆ ಅಭಿಪ್ರಾಯ ಹೇಗೆ ಹೇಳೋದು?" ರೀನಾ ಬರೆದಳು, "ಗುರು, ನೀನು ಅಭಿಪ್ರಾಯ ಮೊದಲೇ ರೆಡಿ ಮಾಡ್ಕೊಂಡು ಆಮೇಲೆ ಓದ್ತೀಯಾ?" ಕೊನೆಗೆ ವೋಟು ಹಾಕಿದೆವು. ಐದು ಜನ, ಐದು ಪುಸ್ತಕ, ಎಲ್ಲಕ್ಕೂ ಒಂದೊಂದು ವೋಟು. ನನ್ನ ಗಂಡನೂ ನನಗೆ ಹಾಕಲಿಲ್ಲ! ಆ ದಿನ ಅವನಿಗೆ ಉಪ್ಪಿಟ್ಟು.

ಗುಂಪು ಹುಟ್ಟುವ ಮೊದಲೇ ಸಾಯುತ್ತದೆ ಅನ್ನಿಸಿತು. ಆಗ ನಿನ್ನ ಕಾಯಿದೆ ಹೇಳಿದೆ. ಎಲ್ಲರೂ ತಮ್ಮ ಪುಸ್ತಕದ ಮೊದಲ ಪುಟ ಟೈಪ್ ಮಾಡಿ ಕಳಿಸಬೇಕು. ಹೊಗಳಬಾರದು, ಇದನ್ನೇ ಓದೋಣ ಅಂತ ಕೇಳಬಾರದು. ಯಾವುದಕ್ಕೆ "ಆಮೇಲೆ?" ಅಂತ ಬರುತ್ತದೋ ಅದು. ಗುರುವಿನ ಪುಟ ಬಂತು, ಎಲ್ಲರೂ ಗಪ್‌ಚುಪ್. ರೀನಾಳ ಕೊಲೆಗೆ ಮಂಜಕ್ಕ, "ಕೊಂದಿದ್ದು ಡ್ರೈವರ್ ತಾನೇ?" ಎಂದು ಬರೆದರು. ರೀನಾಗೆ ಸಿಟ್ಟು ಬಂತು, ಅಂದರೆ ಡ್ರೈವರೇ ಇರಬೇಕು. ನನ್ನ ಸರದಿ ಬಂತು. ನಮ್ಮ ಪುಸ್ತಕಕ್ಕೆ ಮೊದಲ ಪುಟ ಎಲ್ಲಿದೆ? ಒಂಬತ್ತನೆಯದನ್ನು ಹುಡುಕಲು ಪುಸ್ತಕ ಎತ್ತಿಕೊಂಡರೆ, ಅದು ತಾನಾಗಿ ನಿನ್ನ ಪಿನ್ನಿನ ಹತ್ತಿರ ತೆರೆದುಕೊಂಡಿತು. ಅದೇ ಪುಟವನ್ನು ಟೈಪ್ ಮಾಡಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಕುಟ್ಟುತ್ತಾ, ಬಿಸಿಲು, ಬಾಗಿಲು, ಎತ್ತಿದ ಕೈ, ನಿಂತ ಸದ್ದು. ಕಳಿಸಿ, ಟವೆಲ್ ಹೊದಿಸಿ, ಹೋಗಿ ಪಾತ್ರೆ ತೊಳೆದೆ. ಯಾರೂ ಏನೂ ಕೇಳದಿದ್ದರೆ? ಕಾಯಿದೆ ನಿನ್ನದು, ಆಮೇಲೆ ನಾನು ಬೇರೆ ಪುಸ್ತಕ ಓದಬೇಕಾಗುತ್ತಿತ್ತು. ನಮ್ಮದು ಮತ್ತೆ ಸೀರೆಗಳ ನಡುವೆ ಹೋಗಿ ಕೂರುತ್ತಿತ್ತು, ಬಹುಶಃ ಇನ್ನು ಯಾವತ್ತಿಗೂ...

ಮರುದಿನ ಆಫೀಸಿನಿಂದ ಬಂದು ತೆರೆದೆ. ರೀನಾ ಬರೆದಿದ್ದಳು, "ಆಮೇಲೆ??" ಮಂಜಕ್ಕ ಬರೆದಿದ್ದರು, "ಬಾಗಿಲು ತೆಗೆದ್ಲಾ ಇಲ್ವಾ? ಹೇಳೇ ಬೇಗ, ಇಲ್ಲಿ ಹಾಲು ಉಕ್ಕಿಹೋಯ್ತು." ಗುರು, ನಮ್ಮ ಗುರು, ಒಂದೇ ಪದ ಬರೆದಿದ್ದ. "ಆಮೇಲೆ?" ನಾನು ಉತ್ತರ ಬರೆದೆ, "ನನಗೂ ಗೊತ್ತಿಲ್ಲ." ಅಷ್ಟು ಬರೆದದ್ದೇ ತಡ, ಅಳು ಬಂದುಬಿಟ್ಟಿತು. ಅವತ್ತು ಅಂತ್ಯಸಂಸ್ಕಾರದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಕಿರಣ್ ಷೂ ಬಿಚ್ಚುತ್ತಿದ್ದವನು ಒಂದೇ ಷೂನಲ್ಲಿ ಓಡಿ ಬಂದ.

ಬೇರೆ ಪ್ರತಿ ಎಲ್ಲೂ ಸಿಗದು, ಹೆಸರಿಲ್ಲದೆ ಯಾವ ಅಂಗಡಿಯಲ್ಲಿ ಕೇಳುವುದು? ಹಲಸೂರಿನಲ್ಲೇ ಜೆರಾಕ್ಸ್ ಮಾಡಿಸಿದೆ. ಅಂಗಡಿಯವರು ನಿನ್ನ ಪಿನ್ ತೆಗೆದು ನನ್ನ ಕೈಗೆ ಕೊಟ್ಟು, ಎಷ್ಟು ಸುಲಭವಾಗಿ ಆ ಹಾಳೆ ತಿರುವಿದರು ಗೊತ್ತಾ! ನಾನು ಮುಖ ಆಚೆ ತಿರುಗಿಸಿಕೊಂಡು ರಸ್ತೆ ನೋಡುತ್ತಾ ನಿಂತೆ. ಪುಣೆಗೆ ಕೊರಿಯರ್ ಹೋಯಿತು. ಭಾನುವಾರ ಬೆಳಿಗ್ಗೆ ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಆ ವಾರದ ಅಧ್ಯಾಯದ ಬಗ್ಗೆ ಬರೆಯುವುದು, ಆ ಬಾಗಿಲಿನ ಪುಟಕ್ಕಿಂತ ಮುಂದೆ ಮಾತ್ರ ಯಾರೂ ಓದಬಾರದು, ಅಲ್ಲಿಂದ ಮುಂದಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದು ಅಂತ ಮಾತು. ಪದ್ಮಾವತಿಯದು ತಪ್ಪು ಅಂತ ರೀನಾ, ತಂಗಿಯದು ಅಂತ ಗುರು. ಒಂದು ಭಾನುವಾರ ಎಷ್ಟು ಜೋರು ಜಗಳವಾಯಿತೆಂದರೆ ಅನ್ನ ಸೀದದ್ದು ಗೊತ್ತಾಗಲಿಲ್ಲ. ನೀನಿರಬೇಕಿತ್ತು ದೊಡ್ಡಮ್ಮ. ಪ್ರತಿ ಸಲವೂ ಅದೇ, ಇಲ್ಲಿ ನೀನು ಏನನ್ನುತ್ತಿದ್ದೆ, ಇಲ್ಲಿ ಕನಕಕ್ಕ ಏನನ್ನುತ್ತಿದ್ದರು...

ಬಾಗಿಲಿನ ಭಾನುವಾರ ಹತ್ತಿರ ಬಂದ ವಾರ ಕಿರಣ್ ವಿಚಿತ್ರವಾಗಿದ್ದ. ಕೇಳದೆಯೇ ಕಾಫಿ ಮಾಡಿಕೊಟ್ಟ. ನಾನು ಬಟ್ಟೆ ಮಡಚುವಾಗ ಸುಮ್ಮನೆ ನೋಡುತ್ತಿದ್ದ. ಶನಿವಾರ ಅವನ ಬ್ಯಾಗಿನಿಂದ ಟಿಫನ್ ಡಬ್ಬಿ ತೆಗೆಯುವಾಗ ಜೆರಾಕ್ಸ್ ಪ್ರತಿ ಸಿಕ್ಕಿತು, ಬಾಗಿಲಿನ ಪುಟ ದಾಟಿ ತುಂಬ ಮುಂದಕ್ಕೆ ಮಡಚಿದ್ದು.

"ಓದ್ಬಿಟ್ಟೆಯಾ?"

"ಕಂಪನಿ ಬಸ್ಸಲ್ಲಿ. ಸ್ವಲ್ಪ."

"ಮಾತು ಕೊಟ್ಟಿದ್ದೆಯಲ್ಲಾ ಕಿರಣ್!"

"ಅಲ್ಲಿ ಏನಾದ್ರೂ ಕೆಟ್ಟದ್ದಿದ್ರೆ ನೀನು ಹೇಗೆ ತಡ್ಕೋತೀಯ ಅಂತ ಭಯ ಆಯ್ತು ಕಣೇ. ಮೊದಲು ನಾನು ಹೋಗಿ ನೋಡ್ಬಂದೆ."

ಏನಿದೆ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಇವನನ್ನು ನಿನಗೆ ತೋರಿಸಲಾಗಲಿಲ್ಲವಲ್ಲ ದೊಡ್ಡಮ್ಮ.

ಭಾನುವಾರ, ಅಂದರೆ ನಿನ್ನೆ, ನಾನು ಜೆರಾಕ್ಸ್ ಬಿಟ್ಟು ಪುಸ್ತಕವನ್ನೇ ತಂದುಕೊಂಡೆ. ಎಲ್ಲರೂ ಬಂದು ಸೇರಿದರು. "ನಾವು ಕಾಯ್ತಿದೀವಿ, ನೀನು ಮೊದಲು," ಎಂದು ರೀನಾ ಬರೆದಳು. ಕಿರಣ್ ಪಕ್ಕದ ಸ್ಟೂಲಿನಲ್ಲಿ ಕೂತ. ಹಾಳೆಯ ಮೂಲೆ ಹಿಡಿದೆ. ಈ ಸಲ ಮುಚ್ಚಲಿಲ್ಲ, ತಿರುವಿದೆ. ಮನಸ್ಸಿನಲ್ಲಿ ಓದಲಿಲ್ಲ ದೊಡ್ಡಮ್ಮ, ಬಾಯಿಬಿಟ್ಟು, ಕೆಳಗಿನ ಮನೆಯವರಿಗೂ ಕೇಳುವ ಹಾಗೆ ಓದಿದೆ. ಏನಾಯಿತು ಅಂತ ಈಗ ನಿನಗೆ ಹೇಳುತ್ತೇನೆ.

ಪದ್ಮಾವತಿ ಬಾಗಿಲು ಬಡಿದಳು. ಒಳಗಿಂದ ತಂಗಿ, "ಎಣ್ಣೆಯವನಾ? ಇವತ್ತು ಬೇಡ, ನಾಳೆ ಬಾ" ಎಂದು ಕೂಗಿ ಮತ್ತೆ ರುಬ್ಬತೊಡಗಿದಳು. ಎಣ್ಣೆಯವನು! ನೀನು ಹೇಗೆ ನಗುತ್ತಿದ್ದೆ, ನಗುತ್ತಾ ಹೇಗೆ ಕೆಮ್ಮುತ್ತಿದ್ದೆ! ಪದ್ಮಾವತಿ ನಾನು ಬಂದಿದ್ದೇನೆ ಅಂತ ಹೇಳುವುದಿಲ್ಲ. ವಾಪಸ್ಸೂ ಹೋಗುವುದಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾಳೆ. ಬಿಸಿಲು ಅವಳ ಕಾಲಿಗೆ ಬರುತ್ತದೆ, ಮಡಿಲಿಗೆ ಬರುತ್ತದೆ. ಎಷ್ಟೋ ಹೊತ್ತಾದ ಮೇಲೆ ತಂಗಿ ಕಸ ಚೆಲ್ಲಲು ಬಾಗಿಲು ತೆಗೆಯುತ್ತಾಳೆ. ಕೈತುಂಬ ಉದ್ದಿನ ಹಿಟ್ಟು. ಅಕ್ಕನನ್ನು ನೋಡುತ್ತಾಳೆ. ಇಬ್ಬರೂ ಅಳುವುದಿಲ್ಲ, ತಾಯಿಯ ಮಾತೇ ಬರುವುದಿಲ್ಲ. "ಒಳಗೆ ಬಾ, ಬಿಸಿಲು," ಎನ್ನುತ್ತಾಳೆ. ಅಕ್ಕ ಒಳಗೆ ಹೋಗುತ್ತಾಳೆ. ತಂಗಿ ಅವಳಿಗೆ ಮಣೆ ಹಾಕುವುದಿಲ್ಲ, ನೀರು ಕೊಡುವುದಿಲ್ಲ. ರುಬ್ಬುವ ಕಲ್ಲಿನ ಕಡೆ ತೋರಿಸಿ ಹೇಳುತ್ತಾಳೆ, "ಸ್ವಲ್ಪ ಹೊತ್ತು ನೀನು ತಿರುಗಿಸ್ತಿರು. ನನ್ನ ಕೈ ಸೋತಿದೆ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು, ದೊಡ್ಡಮ್ಮ.

ಬಾಯಿಬಿಟ್ಟು ಓದಲು ಈಗ ಕಲಿತಿರುವ ನಿನ್ನ
ಪುಟ್ಟಿ